ಹರಿಗೋಲಿನ ಹೆಸರಿಗೊಂದು ಅಕ್ಷರ

ತುಂಗಭದ್ರೆ ನಿಧಾನಕ್ಕೆ ಹರಿಯುವ ಕಡೆ, ದಡದ ಮೇಲೆ, ಒಂದು ಆಶ್ರಮವಿತ್ತು. ಅಲ್ಲಿ ಶಂಭುಲಿಂಗಯ್ಯನವರೆಂಬ ಗುರುಗಳಿದ್ದರು. ಅವರು ಮಾತಾಡುವುದು ಕಡಿಮೆ. ಆಡಿದಷ್ಟನ್ನು ಶಿಷ್ಯರು ಬರೆದಿಟ್ಟುಕೊಂಡು ಒಂದು ಪತ್ರಿಕೆ ಮಾಡುತ್ತಿದ್ದರು.

ಪತ್ರಿಕೆಯ ಹೆಸರು ‘ಹರಿಗೋಲು’. ತಿಂಗಳಿಗೊಮ್ಮೆ ಬರುತ್ತಿತ್ತು. ಸುತ್ತಲಿನ ಊರುಗಳಲ್ಲಿ ಅದಕ್ಕಾಗಿ ಕಾಯುವವರಿದ್ದರು.

ಮುಖಪುಟದ ಮೇಲಿನ ಹೆಸರನ್ನು ಬರೆಯುತ್ತಿದ್ದವರು ಹಿರಿಯ ಶಿಷ್ಯ ಹಾಲಪ್ಪ. ಕಪ್ಪು ಶಾಯಿ, ಒಂದು ಕುಂಚ, ಅಷ್ಟೇ. ಒಮ್ಮೆ ಬರೆದದ್ದನ್ನು ಅವರು ಮತ್ತೆ ಬಳಸುತ್ತಿರಲಿಲ್ಲ. ಪ್ರತಿ ತಿಂಗಳೂ ಹೊಸದಾಗಿ ಬರೆಯುತ್ತಿದ್ದರು.

ಒಂದು ವರ್ಷ ಹಾಲಪ್ಪನವರು ಕಾಯಿಲೆ ಬಿದ್ದರು. ಗುಣವೇನೋ ಆಯಿತು. ಬಲಗೈಯಲ್ಲಿ ನಡುಕ ಉಳಿದುಕೊಂಡಿತು.

ಆ ತಿಂಗಳ ಸಂಚಿಕೆಯಲ್ಲಿ ಹೆಸರು ಚಳಿಯಲ್ಲಿ ನಿಂತವರ ಹಾಗೆ ನಡುಗುತ್ತಿತ್ತು. ಮುದ್ರಣಾಲಯದವರು ತಪ್ಪು ತಮ್ಮದೇ ಎಂದುಕೊಂಡರು. ‘ಅಚ್ಚಿನ ಪ್ಲೇಟು ಅಲುಗಾಡಿರಬೇಕು, ಮುಂದಿನ ಸಲ ಸರಿಮಾಡುತ್ತೇವೆ’ ಎಂದು ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ಹಾಲಪ್ಪನವರು ಕುಂಚವನ್ನು ತೊಳೆದು ತಂದು ಗುರುಗಳ ಮುಂದೆ ಇಟ್ಟರು.

“ಇನ್ನು ಸಾಕು ಗುರುಗಳೇ.”

“ಆಗಲಿ” ಎಂದರು ಗುರುಗಳು.

ಹಾಲಪ್ಪನವರು ನಮಸ್ಕರಿಸಿ ಹೊರಟುಹೋದರು. ಬಾಗಿಲ ಬಳಿ ಕಿರಿಯ ಶಿಷ್ಯ ಕೊಟ್ರೇಶ ನಿಂತಿದ್ದ. ಗುರುಗಳು ಅವನನ್ನು ಕರೆದರು.

“ಹೆಸರಿಗೆ ಒಂದು ಅಕ್ಷರ ನೋಡು, ಕೊಟ್ರೇಶ. ಇನ್ನುಮೇಲೆ ಅಚ್ಚಿನ ಅಕ್ಷರವೇ ಇರಲಿ.”

ಕೊಟ್ರೇಶ ಆಶ್ರಮಕ್ಕೆ ಬರುವ ಮೊದಲು ದಾವಣಗೆರೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುವೆ ಪತ್ರಿಕೆ, ಫ್ಲೆಕ್ಸು, ಗೃಹಪ್ರವೇಶದ ಕಾರ್ಡು ಮಾಡುತ್ತಿದ್ದವನು. ಬೇರೆಯವರು ಮುಖ ನೋಡಿ ಜನರ ಗುರುತು ಹಿಡಿಯುವಂತೆ ಅವನು ಫಾಂಟುಗಳ ಗುರುತು ಹಿಡಿಯುತ್ತಿದ್ದ. ಆಶ್ರಮಕ್ಕೆ ಬಂದಮೇಲೆ ಆ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ.

ಈಗ ಕೇಳಿದ್ದರು. ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪೇಟೆಗೆ ಹೋಗಿ ಮುದ್ರಣಾಲಯದ ಕಂಪ್ಯೂಟರಿನ ಮುಂದೆ ಕೂತ. ಒಂದು ಬಳುಕುವ ಅಕ್ಷರವನ್ನು ಆರಿಸಿದ. ಕೊನೆಯ ‘ಲು’ವಿನ ಕೊಂಬನ್ನು ಹಿಡಿದೆಳೆದು ಹೆಸರಿನ ಅಡಿಗೆಲ್ಲ ಅಲೆಯಂತೆ ಹಾಯಿಸಿದ. ‘ಗೋ’ದ ಹೊಟ್ಟೆಯನ್ನು ದುಂಡಗೆ ಮಾಡಿ ಹರಿಗೋಲಾಗಿಸಿದ. ಅಕ್ಷರಗಳ ನೆತ್ತಿಯ ಮೇಲೆ ಎರಡು ಹಕ್ಕಿ ಕೂರಿಸಿದ.

ಹಾಳೆಯನ್ನು ತಂದು ಗುರುಗಳ ಮುಂದೆ ಹರವಿದ.

ಗುರುಗಳು ಬಹಳ ಹೊತ್ತು ನೋಡಿದರು. ಅವರ ಬೆರಳು ಅಲೆಯ ಜೊತೆ ಜೊತೆಗೇ ಹೋಗಿ ಹಕ್ಕಿಯ ಹತ್ತಿರ ನಿಂತಿತು.

“ಚೆನ್ನಾಗಿದೆ. ಇದು ಯಾವ ಪತ್ರಿಕೆ?”

“ಹರಿಗೋಲು, ಗುರುಗಳೇ.”

“ಹೌದೇ? ಎಲ್ಲಿ ಬರೆದಿದ್ದೀಯ?”

ಕೊಟ್ರೇಶ ತೋರಿಸಿದ.

“ಓಹೋ” ಎಂದರು ಗುರುಗಳು. “ಹಕ್ಕಿ ನೋಡುತ್ತಾ ಕೂತುಬಿಟ್ಟೆ.”

ಕೊಟ್ರೇಶ ಹಾಳೆಯನ್ನು ಸುತ್ತಿಕೊಂಡು ಎದ್ದ. ಗುರುಗಳಿಗೆ ವಯಸ್ಸಾಯಿತು, ಕಣ್ಣಿಗೆ ರಾಚುವಂಥದ್ದೇ ಬೇಕು ಎಂದುಕೊಂಡ.

ಎರಡನೆಯ ಸಲ ತಂದದ್ದು ದಪ್ಪನೆಯ ಅಕ್ಷರ. ಸಿನಿಮಾ ಪೋಸ್ಟರಿನ ಮೇಲೆ ಹಾಕುವಂಥದ್ದು. ಅಲೆಯಿಲ್ಲ, ಹಕ್ಕಿಯಿಲ್ಲ. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಹೆಸರೇ ಹೆಸರು. ಅಂಚಿಗೆ ಕೆಂಪು ನೆರಳು ಬೇರೆ.

ಗುರುಗಳು ಅದನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಬಾಗಿ, ಅವನ ಕಿವಿಯ ಹತ್ತಿರ ಬಾಯಿ ತಂದು, ದಡದಿಂದ ದಡಕ್ಕೆ ಕೂಗುವವರಂತೆ ಕೂಗಿದರು.

“ಕೊಟ್ರೇಶಾ!”

ಕೊಟ್ರೇಶ ಬೆಚ್ಚಿಬಿದ್ದ. ಅಡುಗೆಮನೆಯ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು.

“ಇಲ್ಲೇ ಇದ್ದೇನಲ್ಲ ಗುರುಗಳೇ” ಎಂದ, ಕಿವಿ ಉಜ್ಜಿಕೊಳ್ಳುತ್ತಾ.

“ಓದುವವನೂ ಅಲ್ಲೇ ಇರುತ್ತಾನಪ್ಪಾ. ಪತ್ರಿಕೆ ಅವನ ಕೈಯಲ್ಲೇ ಇರುತ್ತದೆ.”

ಕೊಟ್ರೇಶ ಆ ಹಾಳೆಯನ್ನೂ ಸುತ್ತಿಕೊಂಡು ಎದ್ದ.

ಆಮೇಲೆ ಹಲವು ದಿನ ಅವನಿಗೆ ಯಾವ ಅಕ್ಷರವೂ ಹಿಡಿಸಲಿಲ್ಲ. ಒಂದು ತೀರಾ ಸಣಕಲು ಕಂಡಿತು. ಇನ್ನೊಂದು ಸರ್ಕಾರಿ ಕಚೇರಿಯ ಬೋರ್ಡಿನ ಹಾಗೆ ಕಂಡಿತು. ಮುದ್ರಣಾಲಯದವರು ‘ಈ ಸಲವಾದರೂ ಬೇಗ ಕೊಡಿ’ ಎಂದು ಮತ್ತೆ ಮತ್ತೆ ಹೇಳತೊಡಗಿದರು.

ಒಂದು ಬೆಳಿಗ್ಗೆ ಗಂಜಿಯ ಪಂಕ್ತಿಯಲ್ಲಿ ಅವನ ಎದುರಿಗೆ ಹಾಲಪ್ಪನವರು ಕೂತಿದ್ದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆದರೂ ತುಟಿಗೆ ಬರುವಷ್ಟರಲ್ಲಿ ಗಂಜಿ ಎದೆಯ ಮೇಲೆ ಚೆಲ್ಲಿತು. ಅವರು ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ, ಹೆಗಲ ವಸ್ತ್ರದಿಂದ ಒರೆಸಿಕೊಂಡರು.

ಕೊಟ್ರೇಶ ತಲೆ ತಗ್ಗಿಸಿದ. ಆಗಲೇ ಅವನಿಗೆ ಆ ಯೋಚನೆ ಹೊಳೆದದ್ದು.

ಅಚ್ಚಿನ ಅಕ್ಷರ ಯಾಕೆ? ಹಾಲಪ್ಪಣ್ಣ ಕೊನೆಯದಾಗಿ ಬರೆದದ್ದು ಇದೆಯಲ್ಲ. ಆ ನಡುಗುವ ಅಕ್ಷರಗಳನ್ನೇ ಕಾಯಂ ಮಾಡಿಬಿಟ್ಟರೆ?

ಅವನು ಪೇಟೆಗೆ ಓಡಿದ. ಕೊನೆಯ ಸಂಚಿಕೆಯ ಹೆಸರನ್ನು ಕಂಪ್ಯೂಟರಿಗೆ ಇಳಿಸಿದ. ಶಾಯಿಯ ಕಲೆಗಳನ್ನು ತೆಗೆದ. ನಡುಕವನ್ನು ಮಾತ್ರ ಮುಟ್ಟಲಿಲ್ಲ. ಗೆರೆ ಗೆರೆಯಲ್ಲೂ ಅದನ್ನು ಎಚ್ಚರದಿಂದ ಉಳಿಸಿಕೊಂಡ. ಕೆಲಸ ಮುಗಿಯುವ ಹೊತ್ತಿಗೆ ಅವನ ಕಣ್ಣು ಒದ್ದೆಯಾಗಿತ್ತು. ಇಂಥದೊಂದು ಒಳ್ಳೆಯ ಕೆಲಸ ಜೀವನದಲ್ಲಿ ಮಾಡಿಲ್ಲ ಅನ್ನಿಸಿತು.

ಗುರುಗಳಿಗೆ ತೋರಿಸುವ ತನಕ ತಡೆದುಕೊಳ್ಳಲಾಗಲಿಲ್ಲ. ಊಟದ ಮನೆಯ ಗೋಡೆಗೆ ಹಾಳೆಯನ್ನು ಅಂಟಿಸಿದ.

ಜನ ಗುಂಪುಗೂಡಿದರು.

“ನಮ್ಮ ಹಾಲಪ್ಪಣ್ಣನ ಕೈಯೇ ಇದು” ಎಂದರು ಒಬ್ಬರು.

“ಎಂಥ ಮನಸ್ಸು ನಿನ್ನದು ಕೊಟ್ರೇಶ” ಎಂದರು ಇನ್ನೊಬ್ಬರು.

ಅಷ್ಟರಲ್ಲಿ ಹಾಲಪ್ಪನವರು ಬಂದರು. ಎಲ್ಲರೂ ದಾರಿ ಬಿಟ್ಟರು. ಅವರು ಗೋಡೆಯ ಮುಂದೆ ನಿಂತು ನೋಡಿದರು. ಬಲಗೈಯನ್ನು ನಿಧಾನವಾಗಿ ಹೆಗಲ ವಸ್ತ್ರದೊಳಗೆ ಎಳೆದುಕೊಂಡರು. ತಿರುಗಿ, ಊಟಕ್ಕೆ ಕೂರದೆ, ಹೊರಗೆ ನಡೆದರು.

ಪಾಪ, ಮನಸ್ಸು ತುಂಬಿ ಬಂದಿದೆ ಎಂದುಕೊಂಡ ಕೊಟ್ರೇಶ.

ಅವನು ಹಾಳೆಯನ್ನು ಬಿಡಿಸಿಕೊಂಡು ಗುರುಗಳ ಬಳಿಗೆ ಹೋದ. ಗುರುಗಳು ಅದರ ಕಡೆ ನೋಡಲಿಲ್ಲ.

“ಹಾಲಪ್ಪ ಊಟ ಮಾಡಿದನೇ?”

“ಇಲ್ಲ ಗುರುಗಳೇ. ಇದನ್ನು ನೋಡಿ ಮನಸ್ಸು ತುಂಬಿಬಂದಿರಬೇಕು.”

ಗುರುಗಳು ಅವನ ಕಡೆ ತಿರುಗಿದರು.

“ಕೊಟ್ರೇಶ, ನೀನು ಯಾವಾಗಲಾದರೂ ಜನರ ಮುಂದೆ ಜಾರಿ ಬಿದ್ದಿದ್ದೀಯಾ?”

ಅವನಿಗೆ ಯಾಕೆ ಈ ಮಾತು ಎಂದು ತಿಳಿಯಲಿಲ್ಲ. ಆದರೂ ನೆನಪು ಮಾಡಿಕೊಂಡ.

“ಬಿದ್ದಿದ್ದೇನೆ. ಹೊಳೆಯ ಮೆಟ್ಟಿಲ ಮೇಲೆ ಪಾಚಿಗೆ ಕಾಲಿಟ್ಟು. ಅವತ್ತು ಹುಣ್ಣಿಮೆ. ಊರವರೆಲ್ಲ ಸ್ನಾನಕ್ಕೆ ಬಂದಿದ್ದರು.”

“ಆಮೇಲೆ?”

“ತಕ್ಷಣ ಎದ್ದೆ.”

“ಪೆಟ್ಟಾಗಿರಲಿಲ್ಲವೇ?”

“ಆಗಿತ್ತು. ಆದರೂ ಎದ್ದೆ.”

“ಅಲ್ಲೊಬ್ಬ ಶಿಲ್ಪಿ ಇದ್ದ ಅಂತಿಟ್ಟುಕೋ. ನಿನ್ನ ಮೇಲೆ ಅವನಿಗೆ ಬಹಳ ಪ್ರೀತಿ. ನೀನು ಬಿದ್ದಿದ್ದೆಯಲ್ಲ, ಕೈಕಾಲು ಚಾಚಿಕೊಂಡು, ಅದೇ ಭಂಗಿಯಲ್ಲಿ ನಿನ್ನದೊಂದು ಮೂರ್ತಿ ಕಡೆದು ಆಶ್ರಮದ ಬಾಗಿಲಿಗೆ ಇಟ್ಟ.”

ಕೊಟ್ರೇಶ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದ.

“ದಿನಾ ಬಂದು ಹೂ ಏರಿಸುತ್ತಾನೆ” ಎಂದರು ಗುರುಗಳು.

ಹಾಳೆ ಕೊಟ್ರೇಶನ ಕೈಯಲ್ಲಿ ಕೆಳಗೆ ಜೋತುಬಿತ್ತು. ಹೆಗಲ ವಸ್ತ್ರದೊಳಗೆ ಸರಿದ ಆ ಕೈ ಅವನಿಗೆ ಈಗ ಬೇರೆಯಾಗಿ ಕಂಡಿತು.

“ನಾನು ಗೌರವದಿಂದಲೇ ಮಾಡಿದೆ ಗುರುಗಳೇ.”

“ಅವನನ್ನು ಕೇಳಿದೆಯಾ?”

“ಗೌರವ ಮಾಡುವುದಕ್ಕೂ ಕೇಳಬೇಕೇ?”

“ಅದನ್ನು ಹಾಲಪ್ಪನನ್ನೇ ಕೇಳು.”

ಹಾಲಪ್ಪನವರು ಹೊಳೆಯ ದಡದಲ್ಲಿದ್ದರು. ಮೆಟ್ಟಿಲ ಮೇಲೆ ಕೂತು ಒಗೆದ ಪಂಚೆಯನ್ನು ಹಿಂಡುತ್ತಿದ್ದರು. ಕೈ ನಡುಗಿ ಹಿಡಿತ ಸಿಗುತ್ತಿರಲಿಲ್ಲ. ತಿರುಚಿದಷ್ಟೂ ಬಟ್ಟೆ ಬಿಚ್ಚಿಕೊಳ್ಳುತ್ತಿತ್ತು.

ಕೊಟ್ರೇಶ ಧಾವಿಸಿ ಪಂಚೆಗೆ ಕೈ ಹಾಕಲು ಹೋದವನು ನಿಂತ.

“ಹಿಡಿಯಲೇ ಅಣ್ಣಾ?”

“ಬೇಡ.”

ಕೊಟ್ರೇಶ ಒಂದು ಮೆಟ್ಟಿಲು ಕೆಳಗೆ ಕೂತ. ಹಾಲಪ್ಪನವರು ಮತ್ತೆ ಹಿಂಡಿದರು. ಮತ್ತೆ ಬಿಚ್ಚಿಕೊಂಡಿತು. ಮತ್ತೆ ಹಿಂಡಿದರು. ಹೊಳೆಯಾಚೆ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಇಬ್ಬರೂ ಅತ್ತ ನೋಡುತ್ತಾ ಕೂತರು.

“ಈ ತುದಿ ಹಿಡಿ” ಎಂದರು ಹಾಲಪ್ಪನವರು, ಬಹಳ ಹೊತ್ತಾದ ಮೇಲೆ.

ಕೊಟ್ರೇಶ ಹಿಡಿದ. ಇಬ್ಬರೂ ಸೇರಿ ತಿರುಚಿದರು. ನೀರು ಮೆಟ್ಟಿಲ ಮೇಲೆ ಸುರಿಯಿತು.

“ಅಣ್ಣಾ, ತಪ್ಪಾಯಿತು.”

“ಏನು ತಪ್ಪು?”

“ನಿಮ್ಮ ಅಕ್ಷರ… ನಿಮ್ಮನ್ನು ಕೇಳದೆ…”

ಹಾಲಪ್ಪನವರು ಪಂಚೆಯನ್ನು ಕೊಡವಿ ಕಲ್ಲಿನ ಮೇಲೆ ಹರವಿದರು.

“ತಮ್ಮಾ, ನಾನು ತಿಂಗಳು ತಿಂಗಳೂ ಹೊಸದಾಗಿ ಯಾಕೆ ಬರೆಯುತ್ತಿದ್ದೆ, ಗೊತ್ತಾ?”

“ಒಂದೊಂದು ಸಲ ಒಂದೊಂದು ಚೆಂದ ಬರಲಿ ಅಂತ.”

“ಅಲ್ಲ. ಹೋದ ತಿಂಗಳದ್ದು ನನಗೆ ಯಾವತ್ತೂ ಸರಿ ಕಾಣಲಿಲ್ಲ. ಒಂದರಲ್ಲಿ ತಲೆಕಟ್ಟು ಹಾರಿರುತ್ತಿತ್ತು. ಒಂದರಲ್ಲಿ ‘ಲು’ ಕುಸಿದಿರುತ್ತಿತ್ತು. ಈ ಸಲ ಸರಿ ಬರೆಯುತ್ತೇನೆ, ಈ ಸಲ ಸರಿ ಬರೆಯುತ್ತೇನೆ ಅಂತಲೇ ಇಷ್ಟು ವರ್ಷ ಬರೆದೆ.” ಅವರು ಕೊಟ್ರೇಶನ ಕಡೆ ತಿರುಗಿದರು. “ಅಷ್ಟರಲ್ಲೂ ತೀರಾ ಕೆಟ್ಟದ್ದು ಯಾವುದು ಅಂತ ಹುಡುಕಿ ನೀನು ಅದನ್ನೇ ಶಾಶ್ವತ ಮಾಡಿದೆ.”

ಅವರ ತುಟಿಯ ಅಂಚಿನಲ್ಲಿ ಎಲ್ಲೋ ಸಣ್ಣ ನಗು ಇತ್ತು. ಆದರೆ ಕಣ್ಣಿನಲ್ಲಿ ಇರಲಿಲ್ಲ.

“ಹಾಗಾದರೆ ಹಳೆಯದೊಂದನ್ನು ತೆಗೆಯುತ್ತೇನೆ ಅಣ್ಣಾ. ಕೈ ಗಟ್ಟಿಯಿದ್ದಾಗ ಬರೆದದ್ದು. ಅದನ್ನೇ ಹಾಕೋಣ.”

ಹಾಲಪ್ಪನವರು ತಮ್ಮ ಬಲಗೈಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಅದು ಅಲ್ಲಿಯೂ ನಡುಗುತ್ತಿತ್ತು. ಈ ಸಲ ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ.

“ಬೇಡಪ್ಪ. ಪ್ರತಿ ತಿಂಗಳೂ ಆ ಗಟ್ಟಿ ಅಕ್ಷರ ನೋಡಬೇಕು, ಆಮೇಲೆ ಈ ಕೈ ನೋಡಿಕೊಳ್ಳಬೇಕು. ಬೇಡ.”

“ಮತ್ತೆ ನಿಮಗೆ ಏನು ಬೇಕು ಅಣ್ಣಾ?”

“ಕುಂಚ ಇಟ್ಟೆನಲ್ಲ. ಗುರುಗಳಿಗೆ ಅರ್ಥವಾಯಿತು.”

ಕೊಟ್ರೇಶ ಮೆಟ್ಟಿಲಿನ ಬಿರುಕನ್ನು ನೋಡುತ್ತಾ ಕೂತ. ಎದ್ದು ಹೋಗಬೇಕೆನ್ನಿಸಿತು. ಹೋಗಲಾಗಲಿಲ್ಲ.

“ಒಂದು ಮಾತು ಕೇಳಲೇ ಅಣ್ಣಾ? ನನಗೆ ಅಕ್ಷರ ಸಿಗುತ್ತಿಲ್ಲ. ಗುರುಗಳು ಎರಡು ಸಲ ತಿರುಗಿ ಕಳಿಸಿದರು. ನೀವು ಬಂದು ನೋಡುತ್ತೀರಾ?”

ಪಂಚೆಯ ಒಂದು ಮೂಲೆ ಮಡಚಿಕೊಂಡಿತ್ತು. ಹಾಲಪ್ಪನವರು ಅದನ್ನು ಬಿಡಿಸಿದರು.

“ಏನೇನು ತಂದಿದ್ದೀಯ?” ಎಂದರು ಕೊನೆಗೆ.

ಕೊಟ್ರೇಶ ಕೋಣೆಗೆ ಓಡಿ ಮಾದರಿ ಹಾಳೆಗಳನ್ನೆಲ್ಲ ತಂದ. ಮೆಟ್ಟಿಲ ಮೇಲೆ ಹರವಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಕಲ್ಲಿಟ್ಟ. ಹಾಲಪ್ಪನವರು ಒಂದೊಂದನ್ನೇ ನೋಡುತ್ತಾ ಹೋದರು. ಯಾವುದನ್ನೂ ಜರಿಯಲಿಲ್ಲ. ಯಾವುದರ ಹತ್ತಿರವೂ ನಿಲ್ಲಲೂ ಇಲ್ಲ.

“ಒಳಗಿನ ಪುಟದ ಅಕ್ಷರ ಯಾವುದು?”

“ಅದು ಇದರಲ್ಲಿ ಇಲ್ಲ ಅಣ್ಣಾ. ಅದು ಸುಮ್ಮನೆ ಓದುವ ಅಕ್ಷರ.”

“ಅದನ್ನು ದೊಡ್ಡದು ಮಾಡಿದರೆ?”

“ಅದರಲ್ಲಿ ಏನೂ ಇಲ್ಲವಲ್ಲ ಅಣ್ಣಾ. ಹೆಸರು ಅಂದಮೇಲೆ ಒಂದು…” ಅವನಿಗೆ ಆ ಒಂದು ಏನು ಎಂದು ಹೇಳಲಾಗಲಿಲ್ಲ.

“ಗುರುಗಳ ಮಾತೆಲ್ಲ ಇಷ್ಟು ವರ್ಷ ಅದರಲ್ಲೇ ಬಂದಿದೆ. ಅವರಿಗೆ ಅದು ಎಂದೂ ಸಾಲದೆ ಹೋಗಿಲ್ಲ” ಎಂದರು ಹಾಲಪ್ಪನವರು.

ಮರುದಿನ ಕೊಟ್ರೇಶ ಪೇಟೆಯಿಂದ ಆ ಅಕ್ಷರಗಳನ್ನು ದೊಡ್ಡದಾಗಿ ತೆಗೆಸಿಕೊಂಡು ಬಂದ. ಇಬ್ಬರೂ ಊಟದ ಮನೆಯ ಜಗಲಿಯ ಮೇಲೆ ಕೂತರು. ಕೊಟ್ರೇಶ ಕತ್ತರಿಯಿಂದ ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟ. ಹ. ರಿ. ಗೋ. ಲು.

ಹಾಲಪ್ಪನವರು ಕಣ್ಣು ಕಿರಿದು ಮಾಡಿ ನೋಡಿದರು.

“ಗೋ ದೂರ ನಿಂತಿದೆ. ಹತ್ತಿರ ತಾ.”

ಕೊಟ್ರೇಶ ಬೆರಳಿನಿಂದ ಸರಿಸಿದ.

“ಇನ್ನೂ.”

ಸರಿಸಿದ.

“ಅಷ್ಟಲ್ಲ. ರಿ ಉಸಿರಾಡಲಿ.”

ಅವನು ಕೂದಲೆಳೆಯಷ್ಟು ಹಿಂದಕ್ಕೆ ತಂದ.

“ಲು ಸ್ವಲ್ಪ ಮೇಲೆ. ಸಾಕು. ಬಿಡು, ಮುಟ್ಟಬೇಡ.”

ಕೊಟ್ರೇಶ ಕೈ ಎತ್ತಿದ. ಹಾಲಪ್ಪನವರು ಹಾಳೆಯನ್ನೇ ನೋಡುತ್ತಿದ್ದರು. ಅವರ ಬಲಗೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಅವರಿಗೆ ಅದರ ಪರಿವೆ ಇದ್ದಂತಿರಲಿಲ್ಲ.

“ಈಗ ಸರಿ ಬಂತು” ಎಂದರು ಅವರು. ಆ ಮಾತನ್ನು ಅವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಅಂದಿರಲಿಲ್ಲವೆಂಬುದು ಕೊಟ್ರೇಶನಿಗೆ ಗೊತ್ತಿತ್ತು. ಅಂಟನ್ನು ಬೆರಳಿಗೆ ತೆಗೆದುಕೊಂಡು, ಒಂದೊಂದೇ ಅಕ್ಷರವನ್ನು ಅದದರ ಜಾಗದಲ್ಲಿ ಕೂರಿಸಿದ.

ಆ ದಿನ ಹಾಲಪ್ಪನವರು ಪಂಕ್ತಿಯಲ್ಲಿ ಅವನ ಪಕ್ಕದಲ್ಲೇ ಕೂತು ಉಂಡರು. ಸಾರು ಚೆಲ್ಲಿತು. “ಆ ಬಟ್ಟೆ ಕೊಡು ತಮ್ಮಾ” ಎಂದರು. ಕೊಟ್ರೇಶ ಕೊಟ್ಟ.

ಹೊಸ ಸಂಚಿಕೆ ಅಚ್ಚಾಗಿ ಬಂತು. ಕಟ್ಟು ಬಿಚ್ಚಿ ಹಂಚುವಾಗ ಕೊಟ್ರೇಶ ಒಂದೊಂದು ಮುಖವನ್ನೂ ನೋಡಿದ.

ಊರುಗಳಿಂದ ಬಂದವರು ಪತ್ರಿಕೆಯನ್ನು ತೆಗೆದುಕೊಂಡರು. ಒಬ್ಬರು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಇನ್ನೊಬ್ಬರು ಅಲ್ಲೇ ಕಂಬಕ್ಕೆ ಒರಗಿ ಓದತೊಡಗಿದರು. ಬಸ್ಸಿಗೆ ಹೊತ್ತಾಯಿತೆಂದು ಒಬ್ಬಾಕೆ ಓದುತ್ತಲೇ ನಡೆದರು. ಹೆಸರು ಬದಲಾಗಿದೆಯೆಂದು ಯಾರೂ ಅನ್ನಲಿಲ್ಲ. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ.

ಜಗಲಿಯ ತುದಿಯಲ್ಲಿ ಹಾಲಪ್ಪನವರು ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಯಾವುದೋ ಪುಟದಲ್ಲಿ ಮುಳುಗಿದ್ದರು.

ಕೊಟ್ರೇಶನ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. ಒಂದು ಪ್ರತಿಯನ್ನು ಗುರುಗಳಿಗೆ ಕೊಟ್ಟು, ಕೈಕಟ್ಟಿ ನಿಂತ.

ಗುರುಗಳು ಕನ್ನಡಕ ಹಾಕಿಕೊಂಡರು. ಪತ್ರಿಕೆಯನ್ನು ತೆರೆದರು.

ಕೊಟ್ರೇಶ ಕಾದ. ಗುರುಗಳು ಪುಟ ತಿರುವಿದರು. ಅವನು ಇನ್ನಷ್ಟು ಹೊತ್ತು ಕಾದ.

“ಗುರುಗಳೇ, ಹೆಸರಿನ ಅಕ್ಷರ ಬದಲಾಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಿಮಗಾದರೂ ಹೇಗನ್ನಿಸಿತು?”

ಗುರುಗಳು ತಲೆ ಎತ್ತಲಿಲ್ಲ.

“ಸ್ವಲ್ಪ ತಡಿಯಪ್ಪಾ, ಓದುತ್ತಿದ್ದೇನೆ.”